ಪೆರೇಡಿನಲ್ಲಿ ಏಳನೆಯವನು

ಗಾಜು! ನಡುವೆ ಗಾಜಂತೆ! ಥೂ, ಇವರ ಮುಖಕ್ಕಿಷ್ಟು... ಈ ಕಡೆ ಸಾಕ್ಷಿ, ಆ ಕಡೆ ಕೇಡಿಗಳ ಸಾಲು, ಮಧ್ಯೆ ಮೀನಿನ ತೊಟ್ಟಿ ಥರ ಒಂದು ಗಾಜು! ಇವನಿಗೆ ಅವರು ಕಾಣ್ತಾರಂತೆ, ಅವರಿಗೆ ಇವನು ಕಾಣಲ್ವಂತೆ. ಯಾವ ದೇಶದ ಸ್ಟೇಷನ್ನೋ ಅದು? ನಮ್ಮ ಕಾಲದ ಸ್ಟೇಷನ್ನಲ್ಲಿ ಕಿಟಕಿಗೇ ಗಾಜಿರಲಿಲ್ಲ, ರಟ್ಟು ಬಡಿದಿದ್ರು!

ನೀನು ಎದ್ದು ಬಂದಿದ್ದೇ ಒಳ್ಳೇದಾಯ್ತು ಬಿಡು ಲತೀಫ್. ಮೂವತ್ತೊಂದು ವರ್ಷ ಹಲಸೂರಿನ ಟಾಕೀಸಲ್ಲಿ ಗೇಟ್ ಕಾದವನು ನಾನು, ಇಂಟರ್‌ವೆಲ್ಲಿಗೆ ಮುಂಚೆ ಸಿನಿಮಾ ಬಿಟ್ಟು ಬಂದಿದ್ದು ಈ ಜನ್ಮದಲ್ಲಿ ಇವತ್ತೇ. ಸಾಕ್ಷಿ ಕೈಲಿ ಕೇಡಿ ಗುರುತು ಹಿಡಿಸೋ ಆ ಪೆರೇಡ್ ಸೀನ್ ಇದೆ ಅಂತ ಗೊತ್ತಿದ್ರೆ ನಿನ್ನ ಕರ್ಕೊಂಡೇ ಹೋಗ್ತಿರಲಿಲ್ಲ, ಆಣೆ. ಮನಸ್ಸು ಸ್ವಲ್ಪ ಹಗುರ ಆಗ್ಲಿ, ಸಂಜೆ ಅಲ್ಲಿಗೆ ಹೋಗೋಕೆ ಮುಂಚೆ ಒಂದಿಷ್ಟು ಹೊಡೆದಾಟ ನೋಡಿದ್ರೆ ಧೈರ್ಯ ಬರುತ್ತೆ ಅಂತ... ಸರಿ, ಬಿಡು.

ಫೈಸಲ್! ಎರಡು ಸುಲೇಮಾನಿ ಟೀ ಕೊಡಪ್ಪ. ಇವರದಕ್ಕೆ ಸಕ್ಕರೆ ಬೇಡ.

ಟೈಮ್ ನೋಡ್ಬೇಡ್ವೋ. ಗಡಿಯಾರ ರಿಪೇರಿ ಮಾಡಿ ಮಾಡಿ ನಿನಗೆ ಅದೇ ಚಟ. ಸಂಜೆ ಅಸರ್ ನಮಾಜ್ ಆದ್ಮೇಲೆ ಬನ್ನಿ ಅಂತ ತಾನೇ ನಿಮ್ಮಣ್ಣನ ಮಗಳು ಫಹ್ಮಿದಾ ಹೇಳಿದ್ದು? ಇಲ್ಲಿಂದ ಲಿಂಗರಾಜಪುರ ಏನು ದುಬೈನಾ? ಆಟೋ ಹತ್ತಿದ್ರೆ ಹತ್ತು ನಿಮಿಷ. ನಿಮ್ಮತ್ತಿಗೆ, ಭಾಭಿ, ನಲವತ್ತೆರಡು ವರ್ಷ ನಿನ್ನ ಮುಖ ನೋಡದೆ ಕೂತಿದ್ದೋರು, ಇನ್ನರ್ಧ ಗಂಟೆ ಕೂತ್ಕೊಳ್ಳಲ್ವಾ?

...ತಪ್ಪಾಯ್ತು. ಹಂಗನ್ನಬಾರದಿತ್ತು. ಕುಡಿ, ಕುಡಿ. ಆರುತ್ತೆ.

ಆದ್ರೂ ಏನ್ ಸಿನಿಮಾ ಗುರು ಅದು! ಮೊದಲು ಒಂದು ಲೈಟ್ ಹಾಕ್ಲಿ. ಕೊಲೆ ಕತ್ತಲಲ್ಲಿ, ಪ್ರೀತಿ ಕತ್ತಲಲ್ಲಿ, ಊಟಾನೂ ಕತ್ತಲಲ್ಲಿ. ಡಾನ್ ಅಂತೆ, ಊರೆಲ್ಲ ಮಾಮೂಲಿ ಎತ್ತುತ್ತಾನಂತೆ, ಮನೆಗೊಂದು ಟ್ಯೂಬ್‌ಲೈಟ್ ಹಾಕಿಸೋ ಯೋಗ್ಯತೆ ಇಲ್ಲ! ಎಲ್ಲರಿಗೂ ಒಂದೇ ಗಡ್ಡ. ಹೀರೋಗೆ ಗಡ್ಡ, ವಿಲನ್‌ಗೆ ಗಡ್ಡ, ಇನ್‌ಸ್ಪೆಕ್ಟರ್‌ಗೂ ಗಡ್ಡ. ಯಾರು ಹೊಡೆದ, ಯಾರು ಸತ್ತ, ಒಂದೂ ಗೊತ್ತಾಗಲಿಲ್ಲ. ಎರಡು ಕರಡಿ ಒಂದನ್ನೊಂದು ತಬ್ಬಿಕೊಂಡ ಹಂಗಿತ್ತು. ಅವನು ಸಿಗರೇಟ್ ಬಾಯಿಗಿಟ್ಟಾಗ ನಾನು ಬಾತ್‌ರೂಮಿಗೆ ಎದ್ದು ಹೋದೆ. ಹೋದೆ, ಬಂದೆ, ದಾರೀಲಿ ನಾಲ್ಕು ಜನರ ಕಾಲು ತುಳಿದು ಬೈಸ್ಕೊಂಡೆ, ಬಂದು ಕೂತ್ಕೊಂಡ್ರೆ ಇನ್ನೂ ಬೆಂಕಿಕಡ್ಡಿ ಗೀರ್ತಾನೇ ಇದ್ದ! ಅಷ್ಟು ಹೊತ್ತಿಗೆ ನಮ್ಮ ಕಾಲದ ವಿಲನ್ನು ಎರಡು ಕೊಲೆ ಮಾಡಿ, ಒಂದು ಹಾಡು ನೋಡಿ, ಬ್ಯಾಂಕಿಗೂ ಕನ್ನ ಹಾಕಿ ಬಂದಿರೋನು.

ಕೊನೇಲಿ ಏನ್ಮಾಡ್ತಾರೆ ಗೊತ್ತಾ ಈಗ? ಎರಡನೇ ಭಾಗಕ್ಕೆ ಬನ್ನಿ ಅಂತಾರೆ. ಅರ್ಧ ತಲೆ ಬೋಳಿಸಿ, ಇನ್ನರ್ಧಕ್ಕೆ ಮುಂದಿನ ವರ್ಷ ಬಾರಪ್ಪ ಅಂದಂಗೆ!

ನಮ್ಮ ಟಾಕೀಸಲ್ಲಿ ಒಂದ್ಸಲ ಕೊನೇ ರೀಲು ಸುಟ್ಟೋಯ್ತು. ಹೇಳಿದೀನಾ? ಹೇಳಿದ್ರೂ ಕೇಳು. ಮ್ಯಾಟಿನಿ ಷೋ, ಎಂಟುನೂರು ಜನ, ಹೀರೋಗೆ ನೇಣು ಹಾಕೋಕೆ ಇನ್ನೊಂದೇ ನಿಮಿಷ, ಪಟ್ ಅಂತ ಪರದೆ ಬೆಳ್ಳಗಾಯ್ತು. ಜನ ಕುರ್ಚಿ ಕೀಳೋಕೆ ಶುರು ಮಾಡಿದ್ರು. ಮ್ಯಾನೇಜರ್ ಪಂಚೆ ಎತ್ತಿ ಓಡಿದ. ನಾನು ಹತ್ತಿದೆ ನೋಡು ಪರದೆ ಮುಂದೆ! ಹೀರೋ ನಾನೇ, ವಿಲನ್ ನಾನೇ, ಹೀರೋನ ಕುರುಡಿ ತಾಯಿನೂ ನಾನೇ. ಹೊಡೆದಾಟ ಪೂರ್ತಿ ಒಬ್ಬನೇ ಮಾಡಿದೆ, ನನ್ನ ಕೆನ್ನೆಗೆ ನಾನೇ ಬಿಟ್ಕೊಂಡು ಒಂದು ಹಲ್ಲು ಹೋಯ್ತು. ಹೆಂಗಸರು ಅತ್ತ ಕಣ್ಣೀರಿಗೆ ಮುಂದಿನ ಸಾಲಿನವರು ಚಪ್ಪಲಿ ಕೈಲಿ ಹಿಡ್ಕೊಂಡು ಕೂತ್ರು! ಮಾರನೇ ದಿನ ಹೊಸ ರೀಲು ಬಂತು, ಹಾಕಿದ್ರು. ಜನ ಒಪ್ಪಲಿಲ್ಲ. "ಇದು ಬೇಡ, ನಿನ್ನೆ ಶ್ರೀರಾಮಪ್ಪ ತೋರಿಸಿದ್ದೇ ಹಾಕಿ" ಅಂತ ಗಲಾಟೆ!

ನಕ್ಕೆ! ಹಾ, ಈಗ ನೀನು ನಕ್ಕೆ. ಬೆಳಗಿಂದ ಕಾಯ್ತಿದ್ದೆ ಕಣೋ ಇದಕ್ಕೆ.

ಸಿನಿಮಾನೇ ವಾಸಿ ಅನ್ನಿಸೋ ಹಂಗೆ ಇನ್ನೊಂದಿದೆ. ವಿಡಿಯೋ ಗೇಮು. ನಮ್ಮ ಮಧುಕರ, ನನ್ನ ತಂಗಿ ಅಳಿಯ, ಕಗ್ಗದಾಸಪುರದಲ್ಲಿ ಇದ್ದಾನಲ್ಲ, ಮೂವತ್ತಾರು ವಯಸ್ಸು, ದೊಡ್ಡ ಆಫೀಸಲ್ಲಿ ಕೆಲಸ. ಭಾನುವಾರ ಹೋದ್ರೆ ಟಿವಿ ಮುಂದೆ ಕೂತು ಕಾರು ಕದೀತಾ ಇದ್ದಾನೆ! ಕಿವಿಗೆ ಅದೇನೋ ಸಿಕ್ಕಿಸ್ಕೊಂಡು, ಕೈಲೊಂದು ಒತ್ತೋ ಡಬ್ಬಿ ಹಿಡ್ಕೊಂಡು. ದಾರೀಲಿ ಹೋಗೋರಿಗೆ ಗುದ್ದು, ಕಾರಿಂದ ಎಳೆದು ಹಾಕು, ಪೊಲೀಸರಿಗೆ ಗುಂಡು ಹೊಡಿ. "ಮಾವ, ನೀವೂ ಆಡಿ" ಅಂತ ನನ್ನ ಕೈಗೆ ಕೊಟ್ಟ. ನಾನು ಕಾರು ಹತ್ತಿದೆ. ಹತ್ತಿ ಹೊರಟೆ. ಮುಂದೆ ಸಿಗ್ನಲ್ ಕೆಂಪು, ನಿಲ್ಲಿಸಿದೆ. ಬಿದ್ದು ಬಿದ್ದು ನಗ್ತಾನೆ! "ಮಾವ, ಇದು ಕದ್ದ ಕಾರು, ಯಾಕೆ ನಿಲ್ಲಿಸ್ತೀರಿ?" ಲೋ ಪೆದ್ದ, ಕದ್ದ ಕಾರಾದ್ರೆ ತಾನೇ ಸಿಗ್ನಲ್ಲಲ್ಲಿ ನಿಯತ್ತಾಗಿ ನಿಲ್ಲಿಸಬೇಕಾದ್ದು? ಸ್ವಂತ ಕಾರಾದ್ರೆ ಹೆಂಗಾದ್ರೂ ಓಡ್ಸು!

ಪೊಲೀಸರಂತೂ ಬಿಡು. ಎರಡು ನಿಮಿಷ ಗೋಡೆ ಹಿಂದೆ ನಿಂತ್ರೆ ಸಾಕು, ಮರೆತು ಮನೆಗೆ ಹೋಗ್ತಾರೆ. "ಬೀದಿ ತುಂಬ ಇಷ್ಟು ಜನ ಇದ್ದಾರಲ್ಲೋ, ನೀನು ಗುಂಡು ಹೊಡೆದಿದ್ದು ಒಬ್ಬರೂ ನೋಡಲಿಲ್ವಾ, ಒಬ್ಬರೂ ಸಾಕ್ಷಿ ಹೇಳಲ್ವಾ" ಅಂದೆ. "ಸಾಕ್ಷಿ ಗೀಕ್ಷಿ ಇದ್ರೆ ಆಟ ಬೋರ್ ಆಗುತ್ತೆ ಮಾವ" ಅಂದ. ಸತ್ತರೂ ಚಿಂತೆ ಇಲ್ಲ. ಸತ್ತವನು ಆಸ್ಪತ್ರೆ ಬಾಗಿಲಿಂದ ಎದ್ದು ಬರ್ತಾನೆ, ಶರ್ಟಲ್ಲಿ ಒಂದು ಸುಕ್ಕೂ ಇರಲ್ಲ...

ಅಲ್ಲ, ಅದಲ್ಲ ನಾನು ಹೇಳಿದ್ದು. ಮಂಜೂರ್ ಭಾಯ್ ವಿಷಯ ಅಲ್ಲ. ನಿಮ್ಮಣ್ಣನ್ನ ನೆನೆಸ್ಕೊಂಡು ಹೇಳಲಿಲ್ಲ ಕಣೋ, ಬಾಯಿ ತಪ್ಪಿ ಬಂತು.

ಹೂಂ.

ಒಂದು ಮಾತು ಕೇಳ್ಲಾ? ಇವತ್ತೇ ಹೋಗ್ಬೇಕಾ? ಹಂಗಲ್ಲ... ನೀನು ಹೋಗು. ಕರೆದಿದ್ದಾರೆ, ಹೋಗ್ಲೇಬೇಕು. ಗಂಡನ ಕೊಲೆ ಆದ ವರ್ಷದಿಂದ ಮಾತು ಬಿಟ್ಟಿದ್ದ ಹೆಂಗಸು ಈಗ ಹಾಸಿಗೆ ಹಿಡಿದು, ಬಾ ಅಂದ್ರೆ ಯಾವನು ಬೇಡ ಅಂತಾನೆ? ಆದ್ರೆ ನಾನು ಯಾಕೆ? "ಅವತ್ತು ಪೆರೇಡಲ್ಲಿ ಯಾರ ಮೇಲೆ ಕೈ ಇಟ್ಟನೋ ಅವನನ್ನೂ ಕರ್ಕೊಂಡು ಬರಲಿ, ನಾನು ನೋಡ್ಬೇಕು" ಅಂದ್ರಂತೆ. ಏನು ನೋಡ್ತಾರೆ? ಕೊಲೆ ಕೇಸಿನ ಆ ಮುನಿರಾಜು ಬಿಡುಗಡೆ ಆದಾಗ ಪೇಪರಲ್ಲಿ ಬಂದಿದ್ದ ಫೋಟೋ ಕತ್ತರಿಸಿ ಇಟ್ಕೊಂಡಿದ್ದಾರಂತಲ್ಲ. ಆ ಫೋಟೋ ಪಕ್ಕ ನನ್ನ ಮುಖ ಇಟ್ಟು ನೋಡ್ತಾರಾ? ನಾನು ಅವನ ಥರ ಇದ್ರೆ ನಿನ್ನದು ಕಣ್ಣಿನ ತಪ್ಪು. ಇಲ್ಲದೇ ಇದ್ರೆ... ನೀನು ಮುನಿರಾಜು ಕಡೆಯವರ ಹತ್ರ ಏನೋ ಇಸ್ಕೊಂಡು, ಒಡಹುಟ್ಟಿದ ಅಣ್ಣನ್ನ ಕೊಂದವನನ್ನ ಬೇಕಂತ ಬಿಟ್ಟೆ. ಅಷ್ಟು ತಾನೇ ಭಾಭಿ ತಲೇಲಿರೋದು? ನಲವತ್ತೆರಡು ವರ್ಷದಿಂದ ಅದೇ ತಾನೇ?

ಎಪ್ಪತ್ತು ವರ್ಷದ ಮುಖ ಕಣೋ ಇದು! ಮೀಸೆ ಬೆಳ್ಳಗಾಯ್ತು, ಹಲ್ಲು ಉದುರ್ತು, ಕೆನ್ನೆ ಒಳಗೆ ಹೋಯ್ತು. ಈಗ ನಾನು ನಮ್ಮಪ್ಪನ ಥರಾನೇ ಇಲ್ಲ, ಇನ್ನು ಆ ಮುನಿರಾಜು ಥರ ಹೆಂಗಿರ್ಲಿ? ನಾನೇ ನಿನಗೆ ಎಷ್ಟು ಸಲ ಹೇಳಿಲ್ಲ, ಆಗ ನಾವಿಬ್ರೂ ಅವಳಿಜವಳಿ ಥರ ಇದ್ವಿ, ಯಾರಿದ್ರೂ ಮೋಸ ಹೋಗೋರು ಅಂತ. ಫೋಟೋಲಿ ಹಂಗೆ ಕಾಣಲ್ಲ ಅಂತ ನೀನೂ ಎಷ್ಟು ಸಲ ಕೇಳಿಲ್ಲ. ಫೋಟೋಲಿ ಎಲ್ಲ ಬೇರೆ ಥರ ಕಾಣುತ್ತೆ ಗುರು. ನನ್ನ ಆಧಾರ್ ಕಾರ್ಡ್ ನೋಡು, ಸತ್ತು ಮೂರು ದಿನ ಆದವನ ಥರ ಇದೀನಿ.

ನೀನು ಮಾತ್ರ ಆ ತಪ್ಪನ್ನ ಹೊತ್ಕೊಂಡು ತಿರುಗ್ತೀಯ. ರಂಜಾನ್ ಕೊನೇಲಿ ಎಲ್ರೂ ಮಸೀದಿ ಮಹಡಿ ಹತ್ತಿ ಚಾಂದ್ ನೋಡ್ತಾರೆ, ನೀನು ಕೆಳಗೇ ನಿಂತಿರ್ತೀಯ. ಯಾಕೋ ಅಂದ್ರೆ, "ನನ್ನ ಕಣ್ಣಿನ ಸಾಕ್ಷಿ ನಡೆಯಲ್ಲ ಶ್ರೀರಾಮ್" ಅಂತೀಯ. ನನಗೆ ಹಬ್ಬ ಹಬ್ಬಕ್ಕೂ ಡಬ್ಬಿ ತುಂಬ ಬಿರಿಯಾನಿ ಕಳಿಸ್ತೀಯ. ನಿರಪರಾಧಿ ಮೇಲೆ ಕೈ ಇಟ್ಟೆ ಅಂತ. ಬೇಡ ಅಂದಿದೀನಾ ನಾನು? ಇಲ್ಲ. ಬಿರಿಯಾನಿ ಬೇಡ ಅನ್ನೋ ಜಾತಿ ಅಲ್ಲ ನಂದು... ಬಿಡು ಆ ಮಾತು.

ಅದಕ್ಕೇ ನನಗೆ ಆ ಗಾಜು ನೋಡಿ ಮೈ ಉರಿದಿದ್ದು! ನಮ್ಮಲ್ಲಿ ಗಾಜಿದ್ದಿದ್ರೆ ಎಷ್ಟು ಸಲೀಸಾಗಿರೋದು. ದೂರ ನಿಂತು ನಂಬರ್ ಹೇಳಿದ್ರೆ ಆಯ್ತು. ನಮ್ಮಲ್ಲಿ ಹಂಗಾ? ಜೈಲಿನ ಅಂಗಳದಲ್ಲಿ ಸುಡೋ ಬಿಸಿಲಲ್ಲಿ ಒಂಬತ್ತು ಜನ ಸಾಲಾಗಿ ನಿಲ್ಲಬೇಕು. ಒಬ್ಬ ಕೇಡಿ, ಮಿಕ್ಕವರು ನನ್ನಂಥೋರು, ರಸ್ತೇಲಿ ಹೋಗ್ತಿದ್ದವರನ್ನ ಹಿಡ್ಕೊಂಡು ಬಂದಿರೋದು. ಅದೇ ಎತ್ತರ, ಅದೇ ಮೈಕಟ್ಟು, ಅದೇ ಮೀಸೆ. ತಹಸೀಲ್ದಾರರು ಕುರ್ಚಿ ಹಾಕ್ಕೊಂಡು ಬರ್ಕೊಳ್ತಾ ಇರ್ತಾರೆ. ಸಾಕ್ಷಿ ಬರಬೇಕು, ಒಬ್ಬೊಬ್ಬರ ಮುಂದೇನೂ ನಿಲ್ಲಬೇಕು, ಇವನೇ ಅನ್ನಿಸಿದವನ ಭುಜದ ಮೇಲೆ ಕೈ ಇಡಬೇಕು. ಅವನ ಉಸಿರು ನಿನಗೆ ತಾಗುತ್ತೆ, ನಿನ್ನ ಉಸಿರು ಅವನಿಗೆ. ಅದು ಸೀನು! ಅದನ್ನ ತೆಗೀಬೇಕು ಸಿನಿಮಾದಲ್ಲಿ!

ಹನ್ನೊಂದು ಪೆರೇಡಲ್ಲಿ ನಿಂತಿದೀನಿ ನಾನು. ಹನ್ನೊಂದು! ಆ ಕಾಲಕ್ಕೆ ಕಂಟೋನ್ಮೆಂಟಲ್ಲಿ ಯಾವ ಕಳ್ಳನ್ನ ಹಿಡಿದ್ರೂ ಪೇದೆಗಳು ಮೊದಲು ನನ್ನ ಹುಡುಕ್ಕೊಂಡು ಬರೋರು. "ಶ್ರೀರಾಮಪ್ಪ, ನಿನ್ನದು ಯಾವ ಕೇಡಿಗಾದ್ರೂ ಹೊಂದೋ ಮುಖ ಕಣಯ್ಯಾ" ಅನ್ನೋರು. ಹತ್ತು ಸಲ ನಿಂತು ಬಂದೆ, ಒಬ್ಬರೂ ಮುಟ್ಟಲಿಲ್ಲ. ಹನ್ನೊಂದನೇ ಸಲ ಏಳನೇ ಜಾಗ. ನೀನು ಬಂದು ಕೈ ಇಟ್ಟೆ.

ನಿಜ ಹೇಳು, ಇವತ್ತಿನ ಆ ನಟ ನಿಂತಿದ್ದು ನೋಡಿದ್ಯಲ್ಲ? ಕೊಲೆಗಾರ ಅಂತೆ. ಹಲ್ಲು ಕಡೀತಾನೆ, ಕಣ್ಣು ಕೆಂಪು ಮಾಡ್ತಾನೆ, ಗುರ್ ಅಂತಾನೆ. ಹಂಗೆ ನಿಂತ್ರೆ ಕುರುಡ ಬೇಕಾದ್ರೂ ಹಿಡ್ಕೊಡ್ತಾನೆ! ಇದಕ್ಕೆ ಕೋಟಿಗಟ್ಟಲೆ ಕೊಡ್ತಾರೆ ಅವನಿಗೆ! ಮುಖದಲ್ಲಿ ಏನಿದೆಯೋ? ಮುಖ ಯಾವನು ನೋಡ್ತಾನೆ, ಮಬ್ಬುಗತ್ತಲಲ್ಲಿ, ಓಡಿ ಹೋಗೋವಾಗ? ಮೈ ಮಾತಾಡ್ಬೇಕು. ಮೈ! ತೋರಿಸ್ತೀನಿ ಇರು... ಕೂತ್ಕೋ, ಕೂತ್ಕೋ, ಮಂಡಿ ನೋವು ನನಗೆ ತಾನೇ, ನಿನಗೇನು? ಫೈಸಲ್, ನೀನೂ ನೋಡಪ್ಪ ಗಲ್ಲಾ ಬಿಟ್ಟು. ಸುಮ್ಮನೆ ನಿಂತೆ. ಯಾರು? ಶ್ರೀರಾಮಪ್ಪ. ಈಗ ನೋಡಿ... ಎಡ ಭುಜ. ಬರೀ ಎಡದ್ದು. ಒಂದು ಇಂಚು ಕೆಳಗೆ, ಅಷ್ಟೇ. ತುಂಬಿದ ಕೊಡ ಹಿಡಿದು ಹಿಡಿದು ಕೀಲು ಜಾರಿದ ಹಂಗೆ. ಕೈ ಸಡಿಲ. ಬೆರಳು ಒಳಗೆ ಮಡಚಿ. ಕತ್ತು ಬಲಗಡೆ ಒಂದು ಕೂದಲೆಳೆ. ಆಯ್ತು! ಮುಖ ಮುಟ್ಟಲೇ ಇಲ್ಲ, ನೋಡಿ, ಮುಖ ನಂದೇ. ಈಗ ಹೇಳು, ಯಾರು ಇವನು? ಹೇಳೋ ಲತೀಫ್, ಯಾರ ಥರ ಕಾಣ್ತೀನಿ?

ಲತೀಫ್?

ಯಾಕೋ... ಯಾಕೆ ಹಂಗೆ ನೋಡ್ತೀಯ? ಟೀ ಚೆಲ್ತಾ ಇದೆ, ಲೋಟ ನೆಟ್ಟಗೆ ಹಿಡ್ಕೋ. ಪ್ಯಾಂಟ್ ಮೇಲೆ ಬಿತ್ತು ನೋಡು.

ಸುಮ್ನೆ ತಮಾಷೆಗೆ ಮಾಡಿದ್ದಪ್ಪ. ಫೈಸಲ್, ನೀನು ಹೋಗು, ನಿನ್ನ ಕೆಲಸ ನೋಡು. ಹೋಗಪ್ಪ.

ನೀನೇ ಹೇಳಿದ್ದೆ ಕಣೋ ಒಂದ್ಸಲ. ಅಣ್ಣನಿಗೆ ಚುಚ್ಚಿ ಗಲ್ಲೀಲಿ ಓಡಿ ಹೋದವನ ಎಡ ಭುಜ ಜೋತು ಬಿದ್ದಿತ್ತು, ಮುಖ ಸರಿಯಾಗಿ ಕಾಣಲಿಲ್ಲ, ಭುಜ ಕಾಣ್ತು ಅಂತ. ಹೇಳಿದ್ದೆ. ಹಬ್ಬದ ದಿನ ಯಾವತ್ತೋ... ಹೇಳಿರಲಿಲ್ವಾ? ತಲೆ ಆಡಿಸಬೇಡ, ಯೋಚನೆ ಮಾಡು. ಇನ್‌ಸ್ಪೆಕ್ಟರ್‌ಗೆ ಬಿಟ್ರೆ ಯಾರಿಗೂ ಹೇಳಿಲ್ವಾ? ಭಾಭಿಗೂ?

ಹಂಗಾದ್ರೆ ನಾನು ಅವನನ್ನೇ ನೋಡಿರ್ತೀನಿ. ಅದೇ ಸಾಲಲ್ಲಿ ನಿಂತಿದ್ನಲ್ಲ ಆ ಮುನಿರಾಜು, ನಾಲ್ಕನೇ ಜಾಗ. ಅವನು ನಿಂತಿದ್ದು ನೋಡಿ ನನಗೆ ಜ್ಞಾಪಕ ಉಳ್ಕೊಂಡಿದೆ. ಹೂಂ, ಅದೇ. ಭುಜ ಜೋತು ಬಿದ್ದು...

ಇಲ್ಲ. ನೀನೂ ನೋಡಿದ್ದೀಯ. ಅವನ ಮುಂದೆ ನಿಂತು, ಮುಂದಕ್ಕೆ ಹೋದೆ. ಅವತ್ತು ಅವನು ಗರಡಿ ಪೈಲ್ವಾನನ ಥರ ನೆಟ್ಟಗೆ ನಿಂತಿದ್ದ.

ಏನಾದ್ರೂ ಅನ್ನೋ. ಸೂ... ಮಗ ಅನ್ನು. ಲೋಟ ಎಸಿ. ನಲವತ್ತೆರಡು ವರ್ಷ ನಾನೇ ಮಾತಾಡಿದೀನಿ, ನೀನು ಹೂಂಗುಟ್ಟಿದೀಯ. ಇವತ್ತೊಂದು ದಿನ ನೀನು ಮಾತಾಡೋ...

ಮುನಿರಾಜು ಸೋದರಮಾವ ನನ್ನ ಹತ್ರ ಬಂದಿದ್ದ. ಟಾಕೀಸಿನ ಸೈಕಲ್ ಸ್ಟ್ಯಾಂಡ್ ಗುತ್ತಿಗೆಯವನು. ನಿಮ್ಮಣ್ಣನ ಜೊತೆ ಸ್ಟ್ಯಾಂಡ್ ವಿಷಯಕ್ಕೇ ಜಗಳ ಮಾಡಿದವನು. ಪೆರೇಡಿಗೆ ಎರಡು ದಿನ ಇತ್ತು. ಸಾಕ್ಷಿ ಏನು ಬರೆಸಿದ್ದಾನೆ ಅಂತ ಸ್ಟೇಷನ್ನಿಂದ ಅವನಿಗೆ ಮೊದಲೇ ಸುದ್ದಿ ಬಂದಿತ್ತು. "ನೀನು ದೊಡ್ಡ ಆಕ್ಟರ್ ಅಂತೆ ಶ್ರೀರಾಮಪ್ಪ, ಹತ್ತು ನಿಮಿಷ ಭುಜ ಇಳಿಸಿ ನಿಂತ್ಕೋ. ಹಲಸೂರಿನ ಟಾಕೀಸಲ್ಲಿ ಗೇಟ್ ಕೆಲಸ ನಿಂದು" ಅಂದ. ನೀನು ಒಂದು ದಿನಾನೂ ಕೇಳಲಿಲ್ಲ, ಆ ಕೆಲಸ ನನಗೆ ಯಾರು ಕೊಡಿಸಿದ್ರು ಅಂತ. ಕೇಳಿದ್ರೆ ಏನು ಹೇಳ್ತಿದ್ನೋ. ಸುಳ್ಳೇ ಹೇಳ್ತಿದ್ದೆ.

ಮುನಿರಾಜುನ ನೆಟ್ಟಗೆ ನಿಲ್ಲಿಸಿದ್ದೂ ನಾನೇ. ಅಂಗಳದಲ್ಲಿ ಎರಡು ಗಂಟೆ ಕಾಯಿಸಿದ್ರಲ್ಲ, ಎಲ್ಲರನ್ನೂ ಒಟ್ಟಿಗೆ ಬಿಟ್ಟಿದ್ರು. ಬಲಗಾಲ ಮೇಲೆ ಭಾರ ಹಾಕು, ಉಸಿರೆಳೆದು ಹಿಡ್ಕೋ, ಸಾಕ್ಷಿ ದಾಟೋವರೆಗೂ ಬಿಡಬೇಡ ಅಂತ ಹೇಳ್ಕೊಟ್ಟೆ. ಇಪ್ಪತ್ತೆಂಟು ವಯಸ್ಸು ನನಗೆ. ಯಾರನ್ನ ಕೊಂದಿದ್ದಾನೆ, ಯಾರ ಅಣ್ಣ, ಯಾರ ಗಂಡ, ಒಂದೂ ಕೇಳಲಿಲ್ಲ. ನೀನು ಬಂದೆ. ಎಲ್ಲರನ್ನೂ ದಾಟ್ಕೊಂಡು ಬಂದು ನನ್ನ ಮುಂದೆ ನಿಂತೆ. ಭುಜದ ಮೇಲೆ ಕೈ ಇಟ್ಟೆ. ಆಗ ನನಗೇನನ್ನಿಸ್ತು ಗೊತ್ತಾ? ಎಂಟುನೂರು ಜನ ಚಪ್ಪಾಳೆ ಹೊಡೆದಂಗನ್ನಿಸ್ತು ಕಣೋ. ದೇವರಾಣೆ, ಹಂಗೇ ಅನ್ನಿಸ್ತು.

ಮೂರು ತಿಂಗಳಿಗೆ ನೀನು ನನ್ನ ಮನೆ ಹುಡುಕ್ಕೊಂಡು ಬಂದೆ. ಬಾಗಿಲಲ್ಲಿ ನಿಂತು ಅತ್ತೆ. "ಅಣ್ಣಾ, ನಿಮ್ಮ ಮೇಲೆ ಕೊಲೆ ಹೊರಿಸಿಬಿಟ್ಟೆ, ಮಾಫ್ ಮಾಡಿ" ಅಂದೆ. ಹೇಳೋಣ ಅಂತ ಬಾಯಿ ತೆಗೆದೆ. ಹೇಳಿದ್ರೆ ನೀನು ಅವತ್ತೇ ಹೊರಟು ಹೋಗ್ತಿದ್ದೆ. ಹೇಳಲಿಲ್ಲ, ಮಾರನೇ ವಾರ ನೀನು ಮತ್ತೆ ಬಂದೆ. ಆಮೇಲೆ... ಆಮೇಲೆ ದಿನಾ ದಿನಾ ಅದು ದೊಡ್ಡದಾಗ್ತಾ ಹೋಯ್ತು. ಬಾಗಿಲಿಗಿಂತ ದೊಡ್ಡದಾದ ಬೀರು ಹೊರಗೆ ತರೋದು ಹೆಂಗೆ?

ನಿನ್ನ ಕಣ್ಣು ಸರಿಯಾಗೇ ಇತ್ತು ಲತೀಫ್. ನೀನು ನೋಡಿದ್ದೇ ಭುಜ, ನೀನು ಹಿಡಿದಿದ್ದೂ ಅದೇ ಭುಜ. ತಪ್ಪಿದ್ದು ನೀನಲ್ಲ.

ಎಲ್ಲಿಗೆ ಎದ್ದೆ? ನಮಾಜಿನ ಬಾಂಗ್ ಇನ್ನೂ ಆಗಿಲ್ಲ... ಆಯ್ತಾ? ನನಗೆ ಕೇಳಿಸಲೇ ಇಲ್ಲ.

ನಿಂತ್ಕೋ. ಒಬ್ಬನೇ ಹೋಗ್ಬೇಡ. ಒಬ್ಬನೇ ಹೋಗಿ ಏನು ಹೇಳ್ತೀಯ ಅವರಿಗೆ? ನೀನು ಹೇಳಿದ್ರೆ ನಂಬ್ತಾರಾ? ಇಷ್ಟು ವರ್ಷ ನಂಬದೇ ಇದ್ದೋರು? ಫೋಟೋ ಪಕ್ಕ ನನ್ನ ನಿಲ್ಲಿಸಿದ್ರೆ ಎಲ್ಲೂ ಹೋಲಲ್ಲ ಅಂತಾರೆ. ಅಂದೇ ಅಂತಾರೆ. ಆಗ ನಾನು ಬಾಯಿ ಬಿಡಬೇಕು. ಭುಜ ಇಳಿಸಿ ತೋರಿಸಬೇಕು. ಅವರ ಎದುರಿಗೆ, ಫಹ್ಮಿದಾ ಎದುರಿಗೆ. ಬೇರೆ ದಾರಿ ಇಲ್ಲ ನಿನಗೆ. ನನಗೂ.

ನಮಾಜ್ ಮುಗಿಸ್ಕೊಂಡು ಬಾ. ಮಸೀದಿ ಗೇಟ್ ಹತ್ರ ಇರ್ತೀನಿ. ಆಟೋ ನಿಲ್ಲಿಸಿರ್ತೀನಿ. ಓಡಿ ಹೋಗಲ್ಲ, ಎಲ್ಲಿಗೆ ಓಡ್ಲಿ ಈ ಮಂಡಿ ಇಟ್ಕೊಂಡು?

ಲತೀಫ್, ಇನ್ನೊಂದೇ ಮಾತು. ಬಾಗಿಲು ತೆಗೆದು ಫಹ್ಮಿದಾ ಯಾರು ಅಂತ ಕೇಳ್ತಾಳಲ್ಲ, ಏನಂತ ಹೇಳ್ಲಿ? ನಿನ್ನ ಚಾಚಾನ ಸ್ನೇಹಿತ ಅಂತ...?

ಲತೀಫ್?

...ಸರಿ. ಹೆಸರು ಮಾತ್ರ ಹೇಳ್ತೀನಿ.